ಕಾಡಿನ ಕೋಣೆಯೋ, ಕಡಲ ಕೋಣೆಯೋ? ಲಂಕಾವಿ ರೆಸಾರ್ಟ್ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಸರ್. ಜನವರಿ ಕೊನೆಗೆ ಮಲೇಷ್ಯಾದ ಲಂಕಾವಿಗೆ ಹೋಗೋ ಯೋಚನೆ ಇದೆ. ನಾನು, ನಮ್ಮ ಯಜಮಾನ್ರು, ಏಳು ವರ್ಷದ ಮಗಳು, ಜೊತೆಗೆ ಅತ್ತೆ. ಅತ್ತೆಗೆ ಮಂಡಿನೋವು ಇದೆ. ದ್ವೀಪದ ವಾಯವ್ಯ ತುದಿಯ ದತಾಯ್ ಕೊಲ್ಲಿ ಕಡೆ ಮಳೆಕಾಡಿನೊಳಗೇ ಇರೋ ಐಷಾರಾಮಿ ರೆಸಾರ್ಟ್ ನೋಡ್ತಿದ್ದೀವಿ. ಕಾಡಿನ ವಿಲ್ಲಾ, ಬೀಚ್ ವಿಲ್ಲಾ, ಮುಖ್ಯ ಕಟ್ಟಡದ ಕೋಣೆ ಅಂತ ಬೇರೆ ಬೇರೆ ಇವೆ. ಇಷ್ಟು ದುಡ್ಡು ಕೊಟ್ಟು ಕಡಲು ಕಾಣದ ಕೋಣೆ ತಗೊಂಡ್ರೆ ನಷ್ಟ ಅಲ್ವಾ? ನೀವು ಅಲ್ಲೇ ರೆಸಾರ್ಟ್ ಬುಕಿಂಗ್ ಕೆಲಸದಲ್ಲಿರೋರು, ದಯವಿಟ್ಟು ಹೇಳಿ.

ಉತ್ತರ: ನಮಸ್ಕಾರ ಮೇಡಂ. ಮೊದಲು ಅತ್ತೆಯವರ ಮಂಡಿಯ ವಿಚಾರ, ಯಾಕಂದ್ರೆ ನಿಮ್ಮ ಕೋಣೆ ಯಾವುದು ಅನ್ನೋದನ್ನು ಅದೇ ತೀರ್ಮಾನ ಮಾಡುತ್ತೆ. ಆ ಕಡೆಯ ಜಾಗವೆಲ್ಲ ಇಳಿಜಾರು. ಓಡಾಡಲು ಬಗ್ಗಿ ಅನ್ನೋ ಸಣ್ಣ ತೆರೆದ ಗಾಡಿ ಕಳಿಸ್ತಾರೆ ನಿಜ, ಆದರೆ ಬಗ್ಗಿ ನಿಲ್ಲುವ ಜಾಗದಿಂದ ಬಾಗಿಲವರೆಗೆ ಮೆಟ್ಟಿಲು ಇರಬಹುದು. ಬುಕ್ ಮಾಡುವ ಮುಂಚೆ ಇಮೇಲ್‌ನಲ್ಲಿ ಎರಡೇ ಮಾತು ಕೇಳಿ: ಬಗ್ಗಿ ಇಳಿದ ಮೇಲೆ ಕೋಣೆಗೆ ಎಷ್ಟು ಮೆಟ್ಟಿಲು? ತಿಂಡಿಯ ಜಾಗಕ್ಕೆ ಎಷ್ಟು ಮೆಟ್ಟಿಲು? ಕೋಣೆಯ ವಿಸ್ತೀರ್ಣ, ಬಾತ್‌ಟಬ್ಬಿನ ಫೋಟೊ ಎಲ್ಲ ಆಮೇಲೆ ನೋಡಿದರಾಯ್ತು.

ಇನ್ನು ನಷ್ಟದ ಮಾತು. ಇಲ್ಲ ಮೇಡಂ, ನಷ್ಟ ಖಂಡಿತ ಇಲ್ಲ. ಆ ಕೊಲ್ಲಿಯ ಹಳೆಯ ರೆಸಾರ್ಟ್, ದತಾಯ್, ಶುರುವಾಗಿದ್ದು 1993ರಲ್ಲಿ. ವಾಸ್ತುಶಿಲ್ಪಿ ಕೆರ್ರಿ ಹಿಲ್ ಮುಖ್ಯ ಕಟ್ಟಡವನ್ನು ಮರಳಿನ ಅಂಚಿಗೆ ತರಲಿಲ್ಲ. ಕಡಲಿನಿಂದ ಸುಮಾರು 300 ಮೀಟರ್ ಹಿಂದೆ, ದಿಣ್ಣೆಯ ಮೇಲೆ ಕೂರಿಸಿದರು. ದಡದಂಚಿನ ಕಾಡು ಹಾಳಾಗಬಾರದು ಅನ್ನೋದೇ ಕಾರಣ. ಕಡಿಯಲೇಬೇಕಾದ ಮರಗಳನ್ನು ಎಳೆಯಲು ಆನೆಗಳನ್ನು ಬಳಸಿದ್ದರು. ಆ ವಿನ್ಯಾಸಕ್ಕೆ 2001ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಇಂಥ ಕಡೆ ನೀವು ದುಡ್ಡು ಕೊಡೋದು ಕಡಿಯದೆ ಬಿಟ್ಟ ಮರಗಳಿಗೆ. ಕಡಲು ಎಲ್ಲಿಗೂ ಓಡಿಹೋಗಲ್ಲ, ಬಗ್ಗಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಹಿಂದಿರುವ ಮಚಿನ್‌ಚಾಂಗ್ ಬೆಟ್ಟದ ಮರಳುಗಲ್ಲಿಗೆ 50 ಕೋಟಿ ವರ್ಷಕ್ಕೂ ಮಿಕ್ಕಿ ವಯಸ್ಸು. ಲಂಕಾವಿ 2007ರಲ್ಲಿ ಯುನೆಸ್ಕೊ ಜಿಯೋಪಾರ್ಕ್ (ಭೂಮಿಯ ಚರಿತ್ರೆ ಹೇಳುವ ವಿಶೇಷ ಜಾಗಗಳ) ಪಟ್ಟಿಗೆ ಸೇರಿದ್ದಕ್ಕೆ ಈ ಕಲ್ಲೂ ಒಂದು ದೊಡ್ಡ ಕಾರಣ.

ನನ್ನ ಸಲಹೆ: ಮುಖ್ಯ ಕಟ್ಟಡದಲ್ಲಿ, ಕಾಡಿಗೆ ಮುಖ ಮಾಡಿದ ಮೇಲಿನ ಮಹಡಿಯ ಕೋಣೆ. ಊಟ ತಿಂಡಿ ಹತ್ತಿರ, ಅತ್ತೆಯವರಿಗೆ ಇಳಿದು ಹತ್ತುವ ಕಷ್ಟ ಕಡಿಮೆ. ಬಾಲ್ಕನಿಯಲ್ಲಿ ಕೂತರೆ ಮರದ ತಲೆ ನಿಮ್ಮ ಕಣ್ಣಿನ ಮಟ್ಟಕ್ಕೇ ಇರುತ್ತೆ. ಅತ್ತಿ ಜಾತಿಯ ಮರ ಹಣ್ಣು ಬಿಟ್ಟಿದ್ದರೆ ಮಂಗಟ್ಟೆ ಹಕ್ಕಿಗಳು ಅಲ್ಲಿಗೇ ಬರ್ತವೆ, ಕಾಣುವ ಮುಂಚೆ ರೆಕ್ಕೆ ಸದ್ದೇ ಕೇಳುತ್ತೆ. ಕಣ್ಣಿನ ಸುತ್ತ ಬಿಳಿ ಉಂಗುರ ಇರುವ, ಎಲೆ ತಿನ್ನುವ ಕೋತಿಗಳು ಗುಂಪಾಗಿ ಬರ್ತವೆ. ಅವುಗಳ ಎಳೆ ಮರಿ ಕಿತ್ತಳೆ ಬಣ್ಣ, ಮಗಳಿಗೆ ಹುಡುಕೋಕೆ ಹೇಳಿ.

ಸಂಜೆ ಒಂದು ಕೆಲಸ ತಪ್ಪಿಸಬೇಡಿ. ಅಲ್ಲಿ ಸೂರ್ಯ ಮುಳುಗುವುದು ಏಳೂವರೆ ಹೊತ್ತಿಗೆ. ಆಗ ರೆಸಾರ್ಟಿನ ಪ್ರಕೃತಿ ಗೈಡ್ ಜೊತೆ ಕೊಲೂಗೊ ನೋಡಲು ಹೋಗಿ. ಹಗಲೆಲ್ಲ ಮರದ ಕಾಂಡಕ್ಕೆ ಅಂಟಿಕೊಂಡಿರುವ ಪ್ರಾಣಿ ಅದು. ಬೂದು ಮಚ್ಚೆಗಳ ಮೈ, ತೊಗಟೆ ಯಾವುದು, ಪ್ರಾಣಿ ಯಾವುದು ಅಂತ ಗೊತ್ತೇ ಆಗಲ್ಲ. ತಾಯಿಯಾಗಿದ್ದರೆ ಹೊಟ್ಟೆಯ ಕಡೆಯ ಚರ್ಮದ ಮಡಿಕೆಯಿಂದ ಮರಿ ಮೂತಿ ಹೊರಗೆ ಹಾಕಿ ನೋಡುತ್ತಿರುತ್ತೆ. ಕತ್ತಲು ಇಳಿಯುವಾಗ ಕಾಂಡದ ಮೇಲಕ್ಕೆ ಹತ್ತಿ, ನಿಂತು, ಒಮ್ಮೆಲೇ ಕೈಕಾಲು ಚಾಚಿ ಗಾಳಿಗೆ ಹಾರಿದ ಟವೆಲ್ಲಿನ ಹಾಗೆ ಇನ್ನೊಂದು ಮರಕ್ಕೆ ತೇಲಿಬಿಡುತ್ತೆ. ಒಂದೇ ಸಲಕ್ಕೆ ನೂರು ಮೀಟರ್ ದಾಟಿದ್ದೂ ಉಂಟು. ಅದನ್ನು ನೋಡಿ ಬಂದ ಮಕ್ಕಳು ರಿಸೆಪ್ಶನ್‌ನಲ್ಲಿ ಕೈ ಚಾಚಿ ನಮಗೆ ತೋರಿಸ್ತಾರೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಹೊತ್ತು ಅದು.

ಅದೇ ಪ್ರಶ್ನೆಗೆ ಇನ್ನೊಬ್ಬರು: ಸೆಪ್ಟೆಂಬರ್‌ನಲ್ಲಿ ರೇಟು ತುಂಬ ಇಳಿದಿದೆ ಸರ್. ಹೊಸದಾಗಿ ಮದುವೆಯಾಗಿದ್ದೀವಿ. ಹೋಗಬಹುದಾ?

ಉತ್ತರ: ಶುಭವಾಗಲಿ. ಮಳೆ ಇಷ್ಟ ಇದ್ದರೆ ಧಾರಾಳವಾಗಿ ಹೋಗಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಅಲ್ಲಿ ಮಳೆ ಜಾಸ್ತಿ. ಕಾಡು ಆಗ ಬಹಳ ಚೆಂದ. ಆದರೆ ಕಡಲು ಒರಟು, ಕೆಂಪು ಬಾವುಟ ಹಾರಿಸಿದರೆ ನೀರಿಗೆ ಇಳಿಯೋ ಹಾಗಿಲ್ಲ, ದೋಣಿ ಪ್ರವಾಸವೂ ರದ್ದಾಗಬಹುದು. ಈಜಾಟವೇ ಮುಖ್ಯ ಅಂದ್ರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ನೋಡಿ.

ಮತ್ತೊಬ್ಬರು: ಅಲ್ಲಿ ಜೆಲ್ಲಿಫಿಶ್ ಕಾಟ ಇದೆಯಂತೆ. ಮಕ್ಕಳನ್ನು ನೀರಿಗೆ ಬಿಡಬಹುದಾ? ನೀರು ಫೋಟೊದಲ್ಲಿರೋ ಹಾಗೆ ತಿಳಿಯಾಗಿರುತ್ತಾ?

ಉತ್ತರ: ಇದನ್ನು ಕೇಳಿದ್ದು ಬಹಳ ಒಳ್ಳೇದಾಯ್ತು. ಎಷ್ಟೋ ಜನ ಕೇಳೋದೇ ಇಲ್ಲ. ಹೌದು, ಲಂಕಾವಿಯ ನೀರಲ್ಲಿ ಜೆಲ್ಲಿಫಿಶ್ ಇವೆ, ಅದರಲ್ಲಿ ಬಾಕ್ಸ್ ಜೆಲ್ಲಿಫಿಶ್ ಪ್ರಾಣಕ್ಕೇ ಅಪಾಯ. ಹಾಗಂತ ಮಕ್ಕಳನ್ನು ದಡದಲ್ಲೇ ಕಟ್ಟಿಹಾಕಬೇಕಿಲ್ಲ. ಮೈತುಂಬ ಮುಚ್ಚುವ, ಕಾಲಿನವರೆಗೆ ಬರುವ ಲೈಕ್ರಾ ಈಜುಡುಗೆ ಹಾಕಿ. ಕಡಲಿಗೆ ಇಳಿಯುವ ಮುಂಚೆ ಬೀಚ್ ಸಿಬ್ಬಂದಿಯನ್ನು ದಿನಾ ಕೇಳಿ, ಹಿಂದಿನ ದಿನ ಏನು ಕಂಡಿತ್ತು ಅಂತ ಅವರಿಗೆ ಗೊತ್ತಿರುತ್ತೆ. ದಡದಲ್ಲಿ ವಿನೆಗರ್ ಬಾಟಲಿ ಎಲ್ಲಿ ಇಟ್ಟಿದ್ದಾರೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಕುಟುಕಿದರೆ ಉಜ್ಜಬೇಡಿ, ಮರಳು ಹಾಕಬೇಡಿ, ಸಿಹಿನೀರಲ್ಲಿ ತೊಳೆಯಬೇಡಿ. ಅಂಟಿರುವ ಎಳೆಗಳಲ್ಲಿ ಸಿಡಿಯದೇ ಉಳಿದ ವಿಷದ ಕೋಶಗಳು ಇದರಿಂದ ಸಿಡಿಯುತ್ತವೆ. ಕನಿಷ್ಠ ಅರ್ಧ ನಿಮಿಷ ವಿನೆಗರ್ ಸುರಿಯಿರಿ, ಆಮೇಲೆ ಚಿಮಟದಿಂದ ಎಳೆ ತೆಗೆಯಿರಿ. ಉಸಿರಾಟದಲ್ಲಿ, ಎದೆಯಲ್ಲಿ ತೊಂದರೆ ಕಂಡರೆ ತಕ್ಷಣ 999ಕ್ಕೆ ಕರೆ ಮಾಡಿಸಿ. ದೊಡ್ಡ ಆಸ್ಪತ್ರೆ ಇರೋದು ಕುವಾ ಪಟ್ಟಣದ ಕಡೆ, ಅಂದ್ರೆ ದ್ವೀಪದ ಆ ತುದಿ. ಅದಕ್ಕೇ ದಡದ ಮೊದಲ ಉಪಚಾರದ ಬಗ್ಗೆ ಇಷ್ಟು ಒತ್ತಿ ಹೇಳ್ತಿದ್ದೀನಿ.

ನೀರಿನ ತಿಳಿ ಬಗ್ಗೆ: ಮುಖ್ಯಭೂಮಿ ಹತ್ತಿರ ಇರೋದ್ರಿಂದ ಹೂಳು ಬರುತ್ತೆ, ಹಲವು ದಿನ ನೀರು ಹಸಿರುಮಬ್ಬು. ಈಜೋಕೆ ಅಡ್ಡಿಯಿಲ್ಲ. ಮೀನು, ಹವಳ ನೋಡಲೇಬೇಕು ಅಂದ್ರೆ ದಕ್ಷಿಣಕ್ಕಿರುವ ಪಾಯಾರ್ ದ್ವೀಪದ ಸಂರಕ್ಷಿತ ಪ್ರದೇಶಕ್ಕೆ ಒಂದು ದಿನ ಇಡಿ.

ಇನ್ನೊಂದು ಪ್ರಶ್ನೆ: ಕೋತಿಗಳು ಕೋಣೆಗೆ ನುಗ್ಗುತ್ತವಾ?

ಉತ್ತರ: ಮೇಲೆ ಹೇಳಿದ ಎಲೆ ತಿನ್ನುವವು ಅವುಗಳ ಪಾಡಿಗೆ ಇರ್ತವೆ. ಉದ್ದ ಬಾಲದ ಮಕಾಕ್ ಅನ್ನೋ ಕೋತಿ ಮಾತ್ರ ಬಾಗಿಲು ಜಾರಿಸಿ ಒಳಗೆ ಬರುತ್ತೆ, ಸಕ್ಕರೆ ಪೊಟ್ಟಣ, ಹಣ್ಣಿನ ತಟ್ಟೆ ಎತ್ತಿಕೊಂಡು ಹೋಗುತ್ತೆ. ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ, ಆಹಾರ ಹೊರಗಿಡಬೇಡಿ. ದಯವಿಟ್ಟು ಫೋಟೊಗಾಗಿ ಒಂದು ಬಾಳೆಹಣ್ಣೂ ಕೊಡಬೇಡಿ. ಒಮ್ಮೆ ಕೈಯಿಂದ ತಿಂದ ಕೋತಿ ಮುಂದಿನ ಅತಿಥಿಯ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತೆ, ಕಚ್ಚುತ್ತೆ.

ಮೊದಲು ಕೇಳಿದವರು: ತುಂಬ ಥ್ಯಾಂಕ್ಸ್ ಸರ್. ಮೆಟ್ಟಿಲಿನ ಬಗ್ಗೆ ಇಮೇಲ್ ಹಾಕಿದ್ದೀನಿ. ರೇಟಿನ ಪಕ್ಕ ಎರಡು ಪ್ಲಸ್ ಗುರುತು ಇದೆ, ಅದೇನು? ಕ್ಯಾಮೆರಾ ತರಬಹುದಾ, ತೇವಕ್ಕೆ ಹಾಳಾಗುತ್ತಾ?

ಉತ್ತರ: ಒಂದು ಪ್ಲಸ್ ಸರ್ವಿಸ್ ಚಾರ್ಜು, ಸಾಮಾನ್ಯವಾಗಿ ಶೇ 10. ಇನ್ನೊಂದು ಸರ್ಕಾರದ ತೆರಿಗೆ. ಇದಲ್ಲದೆ ವಿದೇಶಿಯರಿಗೆ ಒಂದು ಕೋಣೆಗೆ ಒಂದು ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಬೇರೆ. ಎಲ್ಲ ಸೇರಿಸಿದ ಮೊತ್ತವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಕ್ಯಾಮೆರಾ ಖಂಡಿತ ತನ್ನಿ. ಎಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತೆ, ಬಟ್ಟೆಯಲ್ಲಿ ಒರೆಸಿದಷ್ಟೂ ಮತ್ತೆ ಬರುತ್ತೆ. ಬ್ಯಾಗಿನ ಜಿಪ್ ತೆಗೆಯದೆ ಬಾಲ್ಕನಿಯಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ತೆಗೆಯಿರಿ. ಚರ್ಮದ ಚಪ್ಪಲಿ, ಬೆಲ್ಟು ಬೇಡ, ಬೂಸ್ಟು ಹಿಡಿಯುತ್ತೆ. ಡೆಂಗಿ ಇರುವ ದೇಶ, ಆ ಸೊಳ್ಳೆ ಕಚ್ಚೋದು ಹಗಲಲ್ಲೇ. ಅದಕ್ಕೆ ಬೆಳಗ್ಗೆ ತಿಂಡಿಗೆ ಹೊರಡುವಾಗಲೇ ಮಗಳಿಗೂ ಅತ್ತೆಯವರಿಗೂ ಸೊಳ್ಳೆ ಮುಲಾಮು ಹಚ್ಚಿಬಿಡಿ. ಮೆಟ್ಟಿಲಿಗೆ ಏನು ಉತ್ತರ ಬಂತು ಅಂತ ಇಲ್ಲೇ ಹಾಕಿ, ಬೇರೆಯವರಿಗೂ ಉಪಯೋಗ ಆಗುತ್ತೆ.