ಅಪ್‌ಡೇಟ್: ಗೊದಮೊಟ್ಟೆಗಳು ಕಪ್ಪೆಯಾದವು, ಉಪವಾಸದ ಕಾರಣವೂ ಗೊತ್ತಾಯಿತು

ಮುಂಗಾಲು ಮೂಡಿದ ಗೊದಮೊಟ್ಟೆಗಳು ಏನೂ ತಿನ್ನುತ್ತಿಲ್ಲ, ಒಂದು ಸತ್ತೇ ಹೋಯಿತು, ಮಕ್ಕಳು ಅಳುತ್ತಿದ್ದಾರೆ ಅಂತ ಮೊನ್ನೆ ಕೇಳಿದ್ದೆನಲ್ಲ, ಉಳಿದವೆಲ್ಲ ಈಗ ಕಪ್ಪೆಯಾಗಿವೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು "ನೀರು ಇಳಿಸಿ, ಕಲ್ಲು ಇಡಿ" ಎಂಬ ಸಲಹೆ. ಟಬ್ಬಿನಲ್ಲಿ ಸ್ವಲ್ಪವೇ ನೀರು ಬಿಟ್ಟು ಚಪ್ಪಟೆ ಕಲ್ಲೊಂದನ್ನು ಓರೆಯಾಗಿ ಇಟ್ಟೆವು. ಈ ಹಂತದಲ್ಲಿ ಅವು ಶ್ವಾಸಕೋಶದಿಂದ ಉಸಿರಾಡುತ್ತವೆ, ಹತ್ತಿ ಕೂರಲು ಜಾಗ ಸಿಗದಿದ್ದರೆ ಮುಳುಗಿ ಸಾಯುತ್ತವೆ. ಬ್ರೆಡ್ ಚೂರು ಹಾಕುವ ಸಲಹೆ ಮಾತ್ರ ಆಗಿಬರಲಿಲ್ಲ, ನೀರು ಬೇಗ ನಾತ ಹೊಡೆಯಿತು. ಇನ್ನೂ ಕಾಲು ಬರದವಕ್ಕೆ ಬೇಯಿಸಿದ ಪಾಲಕ್ ಚೆನ್ನಾಗಿ ಹಿಡಿಸಿತು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಬಳಸಿದೆವು.

ನನಗೆ ತುಂಬಾ ಆಶ್ಚರ್ಯವಾದದ್ದು ಉಪವಾಸದ ವಿಷಯ. ಅದು ರೋಗವೇ ಅಲ್ಲ! ಆಗ ಬಾಯಿ, ಕರುಳು ಎರಡೂ ಬದಲಾಗುತ್ತಿರುತ್ತವೆ, ಪಾಚಿ ಸೊಪ್ಪು ಅರಗಿಸುವ ಉದ್ದನೆಯ ಕರುಳು ಗಿಡ್ಡವಾಗಿ ಹುಳ ತಿನ್ನುವ ಕಪ್ಪೆಯ ಕರುಳಾಗುತ್ತದೆ, ಅಲ್ಲಿವರೆಗೆ ಬಾಲವೇ ಕರಗಿ ಊಟವಾಗುತ್ತದೆ. ಮಗಳು ದಿನಾ ಟಬ್ಬಿನ ಪಕ್ಕ ಸ್ಕೇಲ್ ಹಿಡಿದು ಬಾಲ ಎಷ್ಟು ಕಮ್ಮಿಯಾಯಿತು ಅಂತ ನೋಡುತ್ತಿದ್ದಳು.

ಒಂದನ್ನಾದರೂ ಸಾಕೋಣ ಅಂತ ಮಗ ಹಟ ಮಾಡಿದ. ಆದರೆ ಮರಿಕಪ್ಪೆಗೆ ಓಡಾಡುವ ಜೀವಂತ ಹುಳವೇ ಬೇಕು, ದಿನಾ ಹಿಡಿದು ಕೊಡುವುದು ಕಷ್ಟ. ತಂದ ಹೊಂಡದ ಪಕ್ಕದಲ್ಲೇ ಸಂಜೆ ಬಿಟ್ಟೆವು. ನೀವೂ ಬೇರೆ ಕೆರೆಗೆ ಬಿಡಬೇಡಿ, ರೋಗ ಹರಡಬಹುದು.