ಕುಡಿತ ಬಿಟ್ಟು 14 ತಿಂಗಳು. ಈಗ ಮತ್ತೆ ಡಿಗ್ರಿ ಓದಬಹುದಾ?

ಪ್ರಶ್ನೆ (ಮುಧೋಳ ತಾಲೂಕು, 35 ವರ್ಷ):
ಮೇಡಮ್, ನಮಸ್ಕಾರ. 2008ರಲ್ಲಿ ಬಾಗಲಕೋಟೆಯಲ್ಲಿ ಬಿ.ಕಾಂ ಸೇರಿದ್ದೆ. ಎರಡನೇ ವರ್ಷದಲ್ಲಿ ಕುಡಿತ ನನ್ನನ್ನು ಕಾಲೇಜು ಬಿಡಿಸಿತು. ಆಮೇಲಿನ ವರ್ಷಗಳು ಹೇಗೆ ಹೋದವು ಅಂತ ನನಗೇ ಸರಿಯಾಗಿ ನೆನಪಿಲ್ಲ. ಈಗ ಬಿಟ್ಟು 14 ತಿಂಗಳಾಯಿತು. ಮನೆಯ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಮೊದಲು ಉದ್ರಿ ಪುಸ್ತಕದಲ್ಲಿ ಹೆಸರು ಬರೆಯುವಾಗ ಕೈ ನಡುಗುತ್ತಿತ್ತು. ಅಪ್ಪ ಪೆನ್ನು ಕಸಿದುಕೊಂಡು ತಾನೇ ಬರೆಯುತ್ತಿದ್ದ. ಈಗ ಆ ಪುಸ್ತಕ ಪೂರ್ತಿ ನನ್ನ ಅಕ್ಷರದಲ್ಲೇ ಇದೆ.

ಹೋದ ವಾರ ಮಗಳಿಗೆ ಲೆಕ್ಕ ಹೇಳಿಕೊಡುತ್ತಾ ಕೂತಾಗ ಡಿಗ್ರಿ ಮುಗಿಸಬೇಕು ಅನ್ನಿಸಿತು. ಹಳೆ ಪುಸ್ತಕ ತೆಗೆದು ಕೂತೆ. ಅರ್ಧ ಪುಟಕ್ಕೆ ತಲೆ ಎಲ್ಲೋ ಹೋಗುತ್ತದೆ. ಕುಡಿದು ಕುಡಿದು ತಲೆನೇ ಕೆಟ್ಟಿದೆಯಾ? ಕಾಲೇಜಿನವರಿಗೆ ನನ್ನ ವಿಷಯ ಹೇಳಲೇಬೇಕಾ? ಮನೆಯಲ್ಲಿ, ಈಗ್ಯಾಕೆ ಓದು, ಇದ್ದದ್ದನ್ನ ನೆಟ್ಟಗೆ ನೋಡಿಕೋ ಅಂತಾರೆ.

ಉತ್ತರ (ಆಪ್ತಸಮಾಲೋಚಕಿ):
ನಮಸ್ಕಾರ. ಉದ್ರಿ ಪುಸ್ತಕದ ಮಾತು ಓದಿ ತುಂಬಾ ಖುಷಿಯಾಯಿತು. ಆ ಕೈ ಸುಧಾರಿಸಿದ ಹಾಗೆ ತಲೆಯೂ ಸುಧಾರಿಸುತ್ತಿದೆ. ಸ್ವಲ್ಪ ನಿಧಾನ, ಅಷ್ಟೇ.

ವರ್ಷಗಟ್ಟಲೆ ಕುಡಿದವರಲ್ಲಿ ಗಮನ ಮತ್ತು ನೆನಪು ಕುಗ್ಗುತ್ತವೆ. ಬಿಟ್ಟ ಮೇಲೆ ವಾರಗಳಲ್ಲಿ ಸ್ವಲ್ಪ, ತಿಂಗಳುಗಳಲ್ಲಿ ಇನ್ನಷ್ಟು ಮರಳಿ ಬರುತ್ತವೆ. ಹಲವರಿಗೆ ಒಂದು ವರ್ಷ ದಾಟಿದ ಮೇಲೂ ಸುಧಾರಣೆ ನಡೆದೇ ಇರುತ್ತದೆ. ಇನ್ನೊಂದು ಕಾರಣ ಇನ್ನೂ ಸರಳ. ನೀವು ಪುಸ್ತಕ ಹಿಡಿದು ಹದಿನೈದು ವರ್ಷ ಆಗಿದೆ. ಕುಡಿಯದೇ ಇದ್ದವರಿಗೂ ಹಾಗೇ ಆಗುತ್ತದೆ. 18ರ ಹುಡುಗನ ಜೊತೆ ನಿಮ್ಮನ್ನು ಅಳೆದುಕೊಳ್ಳಬೇಡಿ. ಇಪ್ಪತ್ತು ನಿಮಿಷ ಓದಿ, ಎದ್ದು ನೀರು ಕುಡಿದು ಬನ್ನಿ, ಓದಿದ್ದನ್ನು ನೋಡದೆ ನಾಲ್ಕು ಸಾಲು ಬರೆಯಿರಿ. ಅದೂ ಆಗದಷ್ಟು ಮರೆವು ಇದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. ಬಿ1 ವಿಟಮಿನ್ ಕೊರತೆ, ಖಿನ್ನತೆ, ನಿದ್ದೆ, ಮೂರನ್ನೂ ನೋಡುತ್ತಾರೆ.

ಕಾಲೇಜಿನವರಿಗೆ ಹೇಳಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತದ ಸಮಸ್ಯೆಯೂ ಬರುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿ ಇರಬೇಕು ಅನ್ನೋದು ಅಲ್ಲಿ ನಿಮ್ಮ ಹಕ್ಕು. ನಮ್ಮ ಜಿಲ್ಲೆಯಲ್ಲಿ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ಜನರ ಚಟಗಳನ್ನೇ ಭಿಕ್ಷೆ ಕೇಳಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯಕ್ಕೇ ವ್ಯಸನಮುಕ್ತ ದಿನ. ಅದಕ್ಕೇ ಇಲ್ಲಿ ಬಿಟ್ಟೆ ಅಂತ ಎದೆ ಎತ್ತಿ ಹೇಳುವವರು ಜಾಸ್ತಿ. ಒಳ್ಳೆಯದೇ. ಆದರೆ ಜೋಳಿಗೆಗೆ ಹಾಕಿದ್ದನ್ನು ಅಡ್ಮಿಷನ್ ಕೌಂಟರಿನಲ್ಲಿ ಮತ್ತೆ ತೆಗೆದು ತೋರಿಸಬೇಕು ಅಂತೇನಿಲ್ಲ. ಜೊತೆಗೆ ಓದುವ ಒಬ್ಬರಿಗೆ ಮಾತ್ರ ಹೇಳಿಡಿ. ಪಾರ್ಟಿ ಅಂತ ಯಾರಾದರೂ ಎಳೆದರೆ ನಿಮ್ಮ ಪರ ನಿಲ್ಲೋದಕ್ಕೆ.

ಮನೆಯವರ ಮೇಲೆ ಬೇಜಾರಾಗಬೇಡಿ. ಅವರು ಓದಿಗೆ ಹೆದರಿಲ್ಲ. ಮತ್ತೆ ಕಾಲೇಜು ಅಂದ ಕೂಡಲೇ ಅವರಿಗೆ 2010 ನೆನಪಾಗುತ್ತದೆ, ಅಲ್ವಾ? ಅಂಗಡಿ ಯಾವ ಹೊತ್ತಿಗೆ ಯಾರು ನೋಡಬೇಕು ಅಂತ ಅವರ ಜೊತೆ ಕೂತೇ ಗೊತ್ತು ಮಾಡಿ.

ಮರುಪ್ರಶ್ನೆ:
ರೆಗ್ಯುಲರ್ ಸೇರಲಾ, ಮನೆಯಿಂದಲೇ ಓದಲಾ? ಹಳೆಯ ಒಂದು ವರ್ಷ ಲೆಕ್ಕಕ್ಕೆ ಬರುತ್ತದಾ?

ಉತ್ತರ:
ಹಳೆಯ ವರ್ಷದ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ನೀವು ಸೇರಿದಾಗ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಯಿತು. ಆಮೇಲೆ ಬಾಗಲಕೋಟೆ ಜಿಲ್ಲೆಗೆ ಜಮಖಂಡಿಯಲ್ಲಿ ಬೇರೆ ವಿಶ್ವವಿದ್ಯಾಲಯವೇ ಆಯಿತು. ಸಿಲೆಬಸ್ಸೂ ಬದಲಾಗಿದೆ. ಪಿಯುಸಿ ಅಂಕಪಟ್ಟಿ ಮೇಲೆ ಹೊಸದಾಗಿ ಶುರು ಮಾಡೋದೇ ಸಲೀಸು.

ರೆಗ್ಯುಲರ್ ಅಂದರೆ ಶೇಕಡಾ 75 ಹಾಜರಿ ಬೇಕು. ಅಂಗಡಿ ಇಟ್ಟುಕೊಂಡು ಅದು ಕಷ್ಟ. ನಿಮಗೆ ಮನೆಯಿಂದಲೇ ಓದಲು ಬಿಡುವ ಮುಕ್ತ ವಿಶ್ವವಿದ್ಯಾಲಯವೇ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಕನ್ನಡದಲ್ಲೇ ಬರೆಯಬೇಕು ಅಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಇಂಗ್ಲಿಷ್ ನಡೆಯುತ್ತದೆ ಅಂದರೆ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಅದರ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ಅಲ್ಲಿ ಡಿಗ್ರಿಗೆ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6 ವರ್ಷ. ಈ ಆರು ವರ್ಷದ ಅವಕಾಶ ನಿಮ್ಮಂಥವರಿಗೆ ದೊಡ್ಡ ಆಸರೆ. ಒಂದು ಪರೀಕ್ಷೆ ತಪ್ಪಿದರೆ ಎಲ್ಲಾ ಮುಗಿಯಿತು ಅನ್ನಿಸುವುದಿಲ್ಲ.

ಒಂದು ಎಚ್ಚರಿಕೆ. ಮನೆಯಲ್ಲಿ ಓದುವವರಿಗೆ ಸಂಜೆ ಒಂಟಿತನ ಜಾಸ್ತಿ. ನೀವು ಮೊದಲು ಯಾವ ಹೊತ್ತಿಗೆ ಬಾರಿಗೆ ಹೋಗುತ್ತಿದ್ದಿರೋ ಅದೇ ಹೊತ್ತಿಗೆ ಓದಲು ಕೂಡಿ. ಮಗಳ ಪಕ್ಕದಲ್ಲೇ ಕೂಡಿ. ಡಾಕ್ಟರ ಭೇಟಿ, ಬಿಟ್ಟವರ ಸಭೆ, ಇವನ್ನು ಪರೀಕ್ಷೆ ಇದೆ ಅಂತ ಒಂದು ವಾರವೂ ತಪ್ಪಿಸಬೇಡಿ. ಟೈಮ್‌ಟೇಬಲ್ಲಿನಲ್ಲಿ ಮೊದಲು ಅವನ್ನೇ ಬರೆಯಿರಿ, ಉಳಿದ ಜಾಗದಲ್ಲಿ ಓದು. ನಿದ್ದೆ ಬರಲಿಲ್ಲ ಅಂತ ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತರಲೇಬೇಡಿ. ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಬ್ಬ ಸದಸ್ಯೆ (ಜಮಖಂಡಿ):
ಅಣ್ಣಾ, ನಮ್ಮ ಮನೆಯವರು ಬಿಟ್ಟ ಮೇಲೆ ಐಟಿಐ ಮುಗಿಸಿದರು. ಪರೀಕ್ಷೆಯಲ್ಲಿ ಏನೂ ಆಗಲಿಲ್ಲ. ಪಾಸಾದ ದಿನ ಗೆಳೆಯರು ಬಂದು, ಇವತ್ತೊಂದಿನ, ಅಂದರು. ಅವತ್ತು ರಾತ್ರಿ ನಾನು ನಿದ್ದೆ ಮಾಡಿಲ್ಲ.

ಉತ್ತರ:
ಅಕ್ಕಾ, ಇದನ್ನು ಬರೆದಿದ್ದಕ್ಕೆ ತುಂಬಾ ಉಪಕಾರವಾಯಿತು. ದುಃಖಕ್ಕೆ ಎಲ್ಲರೂ ತಯಾರಾಗಿರುತ್ತಾರೆ, ಖುಷಿಗೆ ಯಾರೂ ತಯಾರಾಗಿರುವುದಿಲ್ಲ. ರಿಸಲ್ಟ್ ಬರುವ ದಿನ ಎಲ್ಲಿರಬೇಕು, ಯಾರ ಜೊತೆ ಊಟ ಮಾಡಬೇಕು ಅಂತ ಹಿಂದಿನ ವಾರವೇ ಗೊತ್ತು ಮಾಡಿಕೊಳ್ಳಿ. ಆಸೆ ಎದ್ದರೆ ಮೊದಲ ಅರ್ಧ ಗಂಟೆ ದಾಟಿಸಿ, ಸಾಮಾನ್ಯವಾಗಿ ಅದು ತಾನೇ ಇಳಿಯುತ್ತದೆ. ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆ ಅಂತಲೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಅಕಸ್ಮಾತ್ ಒಂದು ಸಲ ಕುಡಿದರೂ ಮುಚ್ಚಿಡಬೇಡಿ, ಮರುದಿನವೇ ಡಾಕ್ಟರ ಹತ್ತಿರ ಹೋಗಿ. ಓದು ಬಿಡಬೇಡಿ.

ಪ್ರಶ್ನೆ ಕೇಳಿದವರು:
ಮೇಡಮ್, ನನ್ನ ಟಿಸಿ ಮತ್ತು ಪಿಯುಸಿ ಅಂಕಪಟ್ಟಿ ಇನ್ನೂ ಹಳೆ ಕಾಲೇಜಿನಲ್ಲೇ ಇವೆ. ಸೋಮವಾರ ತರಲು ಹೋಗುತ್ತೇನೆ. ಆ ಕಾಲೇಜಿನ ರಸ್ತೆಯಲ್ಲೇ ನಾನು ಕೂಡುತ್ತಿದ್ದ ಜಾಗ ಇದೆ.

ಉತ್ತರ:
ಒಬ್ಬರೇ ಹೋಗಬೇಡಿ. ಅಪ್ಪನನ್ನು ಕರೆದುಕೊಂಡು ಹೋಗಿ. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೊರಡಿ, ಮಧ್ಯಾಹ್ನದ ಬಸ್ಸಿಗೇ ವಾಪಸ್ ಬನ್ನಿ. ಅಂಕಪಟ್ಟಿ ಕೈಗೆ ಬಂದ ಕೂಡಲೇ ಎರಡು ಜೆರಾಕ್ಸ್ ಮಾಡಿಸಿ. ಸಂಜೆ ಇಲ್ಲಿ ಒಂದು ಸಾಲು ಬರೆಯಿರಿ, ನಾನು ನೋಡುತ್ತಿರುತ್ತೇನೆ.