‘ಎಲ್ಲರಿಗೂ ಒಂದೇ ಏರಿಕೆ’: ನಮ್ಮನೆ ಗುಂಪಿನ ರಾತ್ರಿ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಬಾಡಿಗೆ ಏರಿತು ಅಂತ ಅಳುವವರೇ ಕೇಳಿ! ಏರಿಕೆ ಬಡವ ಬಲ್ಲಿದ ಅಂತ ನೋಡಲ್ಲ. ನೂರಕ್ಕೆ ಹತ್ತು ಅಂದ್ರೆ ಎಲ್ಲರಿಗೂ ಹತ್ತೇ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಹತ್ತು ಜನಕ್ಕೆ ಕಳಿಸಿ.

ವೀಣಕ್ಕ: ಹಾಸಿಗೆ ಹಾಸೋ ಜಾಗಾನೇ ಬಾಡಿಗೇದಾದ್ರೆ ಕಾಲು ಎಲ್ಲಿ ಚಾಚೋದು ದೊಡ್ಡಪ್ಪ?

ರಘು: 😂

ದೊಡ್ಡಪ್ಪ: ತಮಾಷೆ ಬೇಡಮ್ಮ. ಲೆಕ್ಕ ತಪ್ಪಿದ್ರೆ ತೋರಿಸು.

ವೀಣಕ್ಕ: ಲೆಕ್ಕಾನೇ ತಗೊಳ್ಳಿ. 100 ದುಡಿಯೋನು 50 ಬಾಡಿಗೆ ಕಟ್ತಾನೆ, 1000 ದುಡಿಯೋನು 200. ಇಬ್ಬರಿಗೂ ನೂರಕ್ಕೆ ಹತ್ತು ಏರಿಸಿ. ಮೊದಲನೆಯವನ ಕೈಲಿ ಉಳೀತಿದ್ದ 50, ಈಗ 45. ಹತ್ತರಲ್ಲಿ ಒಂದು ಪಾಲು ಹೋಯ್ತು. ಇನ್ನೊಬ್ಬನ 800, 780 ಆಯ್ತು. ನಲವತ್ತರಲ್ಲಿ ಒಂದು. ಒಂದೇನಾ?

ರಘು: ಇದು ಹಳೇ ವಿಷ್ಯ. ಸಂಪಾದನೆ ಕಮ್ಮಿ ಆದಷ್ಟೂ ಅದರಲ್ಲಿ ಬಾಡಿಗೆಯ ಪಾಲು ಜಾಸ್ತಿ ಅಂತ 1868ರಲ್ಲೇ ಬರ್ಲಿನ್‌ನ ಅಂಕಿಅಂಶ ತಜ್ಞ ಹರ್ಮನ್ ಶ್ವಾಬೆ ತೋರಿಸಿದ್ದ. ‘ಶ್ವಾಬೆ ನಿಯಮ’ ಅಂತಾನೇ ಹೆಸರಿದೆ.

ದೊಡ್ಡಪ್ಪ: ದುಬಾರಿ ಅನ್ಸಿದ್ರೆ ಚಿಕ್ಕ ಮನೆಗೆ ಹೋಗ್ಲಿ. ಯಾರೂ ಕಟ್ಟಿ ಹಾಕಿಲ್ಲ.

ವೀಣಕ್ಕ: ಕಟ್ಟಿ ಹಾಕಿರೋದೇ ಅಲ್ಲಿ. ಚಿಕ್ಕ ಮನೆಗೆ ಹೋಗಕ್ಕೂ ಮೊದ್ಲು ಗಂಟು ಬೇಕು. ಹೋದ ಸಲ ನಾನು ಮನೆ ಬದಲಾಯಿಸಿದಾಗ ಹೊಸ ಓನರ್ ಅಡ್ವಾನ್ಸ್ ಎಣಿಸ್ಕೊಂಡೇ ಕೀ ಕೊಟ್ಟಿದ್ದು. ಹಳೆಯವರು ವಾಪಸ್ ಕೊಟ್ಟಿದ್ದು ಎರಡು ತಿಂಗಳಾದ್ಮೇಲೆ. ಅದೂ ಟಾರ್ಚ್ ಬಿಟ್ಟು ಗೋಡೆಯ ಮೊಳೆ ತೂತು ಎಣಿಸಿ! ಹನ್ನೊಂದು ತೂತು. ಏಳು ನಾನು ಬರೋಕೆ ಮುಂಚೇನೇ ಇದ್ದವು. ನನಗೆ ಸಂಬಳ ಇತ್ತು, ಆ ಎರಡು ತಿಂಗಳು ತೂಗಿಸ್ದೆ. ಇಲ್ಲದೋರು? ಕೇಳಿದಷ್ಟು ಕೊಟ್ಟು ಅಲ್ಲೇ ಇರ್ತಾರೆ, ಸೂರು ಸೋರಿದ್ರೂ ಬಾಯಿ ಬಿಡಲ್ಲ. ಇವರೆಲ್ಲೂ ಹೋಗಲ್ಲ ಅಂತ ಓನರ್‌ಗೂ ಗೊತ್ತು. ಅದಕ್ಕೇ ಮತ್ತೆ ಏರಿಸ್ತಾರೆ.

ದೊಡ್ಡಪ್ಪ: ಹಂಗಾದ್ರೆ ಸರ್ಕಾರ ಬಾಡಿಗೆಗೆ ಮಿತಿ ಹಾಕ್ಲಿ. ಎಲ್ಲ ಮಾರ್ಕೊಂಡು ಹಾಯಾಗಿ ಕೂರ್ತೀವಿ.

ರಘು: ಇದೊಂದ್ರಲ್ಲಿ ದೊಡ್ಡಪ್ಪ ಹೇಳೋದು ಪೂರ್ತಿ ಸುಳ್ಳಲ್ಲ ಅಕ್ಕ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1994ರಲ್ಲಿ ಹಳೇ ಸಣ್ಣ ಕಟ್ಟಡಗಳಿಗೂ ಮಿತಿ ತಂದ್ರು. ಆಗ ಇದ್ದೋರು ಉಳ್ಕೊಂಡ್ರು, ನಿಜ. ಆದ್ರೆ ಓನರ್‌ಗಳು ಮಾರಿ, ಒಡೆದು ಕಟ್ಟಿ, ಅಂಥ ಕಟ್ಟಡಗಳಲ್ಲಿ ಬಾಡಿಗೆ ಮನೆಗಳೇ ನೂರಕ್ಕೆ 15ರಷ್ಟು ಕಮ್ಮಿ ಆದ್ವು. ಅಲ್ಲಿನ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯವರು ಲೆಕ್ಕ ಹಾಕಿದಾರೆ. ಆಮೇಲೆ ಮನೆ ಹುಡುಕ್ಕೊಂಡು ಬಂದೋರ ಪಾಡು ನೀವೇ ಊಹಿಸಿ.

ವೀಣಕ್ಕ: ಒಪ್ಪಿದೆ. ಬರೀ ಮಿತಿ ಸಾಲದು, ಮನೆಯೂ ಕಟ್ಬೇಕು. ವಿಯೆನ್ನಾ ನಗರಾಡಳಿತ 1923ರಲ್ಲಿ ಮನೆ ತೆರಿಗೆ ತಂದು, ಐಷಾರಾಮಿ ಮನೆಗಳ ಮೇಲೆ ಜಾಸ್ತಿ ಹೊರಿಸಿ, 1934ರೊಳಗೆ 60,000ಕ್ಕೂ ಹೆಚ್ಚು ಮನೆ ಕಟ್ಟಿಸ್ತು. ಅವುಗಳಲ್ಲಿ ಈಗ್ಲೂ ಜನ ಬಾಡಿಗೆಗಿದ್ದಾರೆ.

ದೊಡ್ಡಪ್ಪ: ಆ ದೊಡ್ಡ ಮನೆಯವರ ಕಷ್ಟ ಯಾರು ಕೇಳಿದ್ರು?

ಶೈಲಾ ಚಿಕ್ಕಮ್ಮ: ವಿಯೆನ್ನಾ ಅತ್ಲಾಗಿರ್ಲಿ. ಭಾವ, ನಿಮ್ಮ ಮಹಡಿ ಮನೆಯವರು ಖಾಲಿ ಮಾಡಿ ಮೂರು ತಿಂಗಳಾಯ್ತಲ್ಲ, ಅಡ್ವಾನ್ಸ್ ಕೊಟ್ರಾ? ಆಯಮ್ಮ ನಿನ್ನೆ ಸಿಕ್ಕಿದ್ರು.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ರಘು: 👀

ದೊಡ್ಡಪ್ಪ: ನಾಳೆ ಕಳಿಸ್ತೀನಿ. ಪೇಂಟಿಂಗ್ ದುಡ್ಡು ಹಿಡ್ಕೊಂಡು.